ಬುಡ ಬಿಡಿ, ತುದಿ ನೋಡಿ

ಉದ್ದ ಕೂದಲು ಬೆಳೆಸುತ್ತಿರುವವರು ಪ್ರಶ್ನೆ ಕಳಿಸಿ ಅಂತ ಹೋದ ತಿಂಗಳು ಇದೇ ಪುಟದಲ್ಲಿ ಕೇಳಿದ್ದೆ. ಬಂದ ಪತ್ರಗಳನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಕೂತರೆ ಮನೆಯವರಿಗೆ ತಟ್ಟೆ ಇಡಲು ಜಾಗ ಇರಲಿಲ್ಲ. ಅರ್ಧಕ್ಕರ್ಧ ಪತ್ರಗಳಲ್ಲಿ ಒಂದೇ ಮಾತು: ಯಾವ ಎಣ್ಣೆ ಹಚ್ಚಿದರೆ ಬೇಗ ಬೆಳೆಯುತ್ತದೆ? ಇರುವ ಕೂದಲು ಹಾಳಾಗಿದೆಯಾ ಅಂತ ಕೇಳಿದವರು ಬೆರಳೆಣಿಕೆಯಷ್ಟು. ಹತ್ತೊಂಬತ್ತು ವರ್ಷ ಪಾರ್ಲರ್ ನಡೆಸಿದ ನನಗೆ ಮಾತ್ರ ಎರಡೂ ಒಂದೇ ಪ್ರಶ್ನೆ ಅನ್ನಿಸುತ್ತದೆ. ಯಾಕೆ ಅಂತ ಮೊದಲ ಉತ್ತರದಲ್ಲೇ ಹೇಳುತ್ತೇನೆ. ಅದು ಸ್ವಲ್ಪ ಉದ್ದವಾಯಿತು. ಜಡೆಯ ವಿಷಯ ಅಲ್ವಾ?

ಪ್ರಶ್ನೆ: ಎರಡು ವರ್ಷದಿಂದ ಕೂದಲಿಗೆ ಕತ್ತರಿ ತಾಗಿಸಿಲ್ಲ. ಆದರೂ ಬೆನ್ನಿನ ಮಧ್ಯಕ್ಕೆ ಬಂದು ನಿಂತುಬಿಟ್ಟಿದೆ, ಅಲ್ಲಿಂದ ಒಂದಿಂಚೂ ಕೆಳಗಿಳಿಯುತ್ತಿಲ್ಲ. ಈರುಳ್ಳಿ ರಸ, ಮೆಂತ್ಯದ ಪೇಸ್ಟು ಎಲ್ಲ ಹಚ್ಚಿದ್ದಾಯಿತು. ಬೆಳವಣಿಗೆ ನಿಂತೇಹೋಯಿತಾ?
– ಓದುಗಿ, ದಾವಣಗೆರೆ

ಉತ್ತರ: ನಿಂತಿಲ್ಲ. ತಲೆಗೆ ಬಣ್ಣ ಹಚ್ಚುವ ಅಮ್ಮನನ್ನೋ ಚಿಕ್ಕಮ್ಮನನ್ನೋ ಕೇಳಿ ನೋಡಿ. ಬಣ್ಣ ಹಚ್ಚಿ ಮೂರು ವಾರಕ್ಕೆಲ್ಲ ಬೈತಲೆಯಲ್ಲಿ ಬೆಳ್ಳಿ ಗೆರೆ ಇಣುಕುತ್ತದೆ. ತಲೆಕೂದಲು ತಿಂಗಳಿಗೆ ಸುಮಾರು 1ರಿಂದ 1.25 ಸೆಂ.ಮೀ. ಬೆಳೆಯುತ್ತದೆ, ವರ್ಷಕ್ಕೆ ಹೆಚ್ಚುಕಡಿಮೆ 15 ಸೆಂ.ಮೀ., ಅಂದರೆ ಅರ್ಧ ಅಡಿ. ನಿಮಗೆ ಎರಡು ವರ್ಷದಲ್ಲಿ ಒಂದು ಅಡಿ ಬಂದಿರಲೇಬೇಕು. ಆ ಒಂದು ಅಡಿ ಎಲ್ಲಿ ಹೋಯಿತು? ದಿಂಬಿಗೆ ಸ್ವಲ್ಪ, ಬಾಚಣಿಗೆಗೆ ಸ್ವಲ್ಪ, ಬಚ್ಚಲ ಜಾಲರಿಗೆ ಸ್ವಲ್ಪ. ಬುಡದಲ್ಲಿ ಬಂದಷ್ಟೇ ತುದಿಯಲ್ಲಿ ಮುರಿದು ಹೋಗುತ್ತಿದೆ. ಈರುಳ್ಳಿ ರಸವನ್ನು ಬುಡಕ್ಕೆ ಎಷ್ಟು ಹಚ್ಚಿದರೂ ತುದಿಗೆ ಅದರ ಸುದ್ದಿ ಮುಟ್ಟುವುದಿಲ್ಲ.

ಒಂದು ವಿಷಯ ಯೋಚಿಸಿ. ನಿಮ್ಮ ಕೂದಲು ಎಲ್ಲ ಒಂದೇ ವಯಸ್ಸಿನದ್ದಲ್ಲ. ಕಿವಿಯ ಹತ್ತಿರ ಇರುವುದು ಹೋದ ಯುಗಾದಿ ಹೊತ್ತಿಗೆ ಹುಟ್ಟಿದ್ದಾದರೆ ಬೆನ್ನಿನ ಮಧ್ಯದಲ್ಲಿರುವ ತುದಿ ಮೂರು ಯುಗಾದಿ ಹಿಂದಿನದು. ಸೊಂಟದವರೆಗೆ ಇದ್ದವರಲ್ಲಿ ಆ ತುದಿಗೆ ನಾಲ್ಕೈದು ವರ್ಷ. ನಾಲ್ಕು ವರ್ಷ ಬಿಡದೆ ಉಟ್ಟ ಸೀರೆಯ ಅಂಚು ಹೇಗಿರುತ್ತದೆ ಅಂತ ನಾನು ಹೇಳಬೇಕಾಗಿಲ್ಲ. ಕೂದಲಿನ ಹೊರಮೈಯಲ್ಲಿ ಹೆಂಚು ಹೊದಿಸಿದ ಹಾಗೆ ಸಣ್ಣ ಸಣ್ಣ ಚಕ್ಕೆಗಳಿರುತ್ತವೆ, ಬುಡದ ಹತ್ತಿರ ಸುಮಾರು 6ರಿಂದ 10 ಪದರ. ತಿಕ್ಕಿ, ಬಾಚಿ, ತೊಳೆದು, ಬಿಸಿಲಿಗೆ ಒಡ್ಡಿ ಆ ಹೆಂಚುಗಳು ಒಂದೊಂದಾಗಿ ಹಾರಿಹೋಗುತ್ತವೆ. ಕೊನೆಗೆ ತುದಿಯಲ್ಲಿ ಹೆಂಚೇ ಇರುವುದಿಲ್ಲ, ಬರೀ ಒಳಗಿನ ನಾರು. ನಾರು ಬಿಚ್ಚಿಕೊಂಡರೆ ಅದನ್ನೇ ನಾವು ತುದಿ ಸೀಳಿದೆ ಅನ್ನುತ್ತೇವೆ. ಚರ್ಮಕ್ಕೆ ಗಾಯವಾದರೆ ಮಾಯುತ್ತದೆ, ಕೂದಲಿಗೆ ಆ ಭಾಗ್ಯ ಇಲ್ಲ. ಬುಡದಿಂದ ಹೊರಗೆ ಬಂದ ಮೇಲೆ ಅದಕ್ಕೆ ಜೀವ ಇಲ್ಲ.

ಈಗ ಒಂದು ಕೆಲಸ ಮಾಡಿ. ಭಾನುವಾರ ಬೆಳಗ್ಗೆ, ಎಣ್ಣೆ ಹಚ್ಚದೆ, ಕಿಟಕಿಯ ಹತ್ತಿರ ಕೂತು ತಲೆ ಬಾಚಿ. ತೊಡೆಯ ಮೇಲೆ ಒಂದು ಬಿಳಿ ಪಂಚೆ ಹಾಸಿಕೊಳ್ಳಿ. ಬಿದ್ದ ಕೂದಲನ್ನು ಉಂಡೆ ಮಾಡಿ ಎಸೆಯಬೇಡಿ, ಒಂದೊಂದಾಗಿ ಎತ್ತಿ ನೋಡಿ. ಒಂದು ತುದಿಯಲ್ಲಿ ಗಸಗಸೆಗಿಂತ ಚಿಕ್ಕದಾದ ಬಿಳಿ ಗುಂಡು ಇದ್ದರೆ ಅದು ಬುಡದಿಂದ ತಾನಾಗಿ ಉದುರಿದ್ದು. ದಿನಕ್ಕೆ 50ರಿಂದ 100 ಹಾಗೆ ಉದುರುವುದು ಸಹಜ. ಉದ್ದ ಕೂದಲಿನವರಿಗೆ ಅದೇ ನೂರು ಕೂದಲು ಬೆಕ್ಕಿನ ಮರಿಯಷ್ಟು ದೊಡ್ಡ ಉಂಡೆಯಾಗಿ ಕಂಡು ಗಾಬರಿಯಾಗುತ್ತದೆ, ಅಷ್ಟೇ. ಗುಂಡು ಎರಡೂ ಕಡೆ ಇಲ್ಲ, ತುಂಡುಗಳು ಎರಡಿಂಚು ಮೂರಿಂಚು ಇವೆ ಅಂದರೆ ಅವು ಮುರಿದವು. ಎರಡನ್ನೂ ಬೇರೆ ಬೇರೆ ಗುಡ್ಡೆ ಮಾಡಿ. ಮುರಿದ ಗುಡ್ಡೆ ದೊಡ್ಡದಾಗಿದ್ದರೆ ನಿಮ್ಮ ಒಂದು ಅಡಿ ಎಲ್ಲಿ ಹೋಯಿತು ಅಂತ ಕೈಯಲ್ಲೇ ಲೆಕ್ಕ ಸಿಕ್ಕಿತು.

ಆಮೇಲೆ ಜಡೆಯ ಕೊನೆಯನ್ನು ತೋರುಬೆರಳ ಮೇಲೆ ಬೀಸಣಿಗೆ ಹಾಗೆ ಹರಡಿ. ಬೆಳಕಿಗೆ ಹಿಡಿದರೆ ಕೆಲವು ತುದಿ ವೈ ಆಕಾರದಲ್ಲಿ ಕವಲೊಡೆದಿರುತ್ತವೆ, ಕೆಲವು ಪೊರಕೆ ಕಡ್ಡಿಯ ಹಾಗೆ ಮೂರು ನಾಲ್ಕಾಗಿ. ಕೆಲವದರಲ್ಲಿ ತುದಿಯಿಂದ ಸ್ವಲ್ಪ ಮೇಲೆ ಒಂದು ಬಿಳಿ ಚುಕ್ಕೆ. ಇನ್ನು ಕೆಲವದರಲ್ಲಿ ಒಂದೇ ಕೂದಲು ತನಗೆ ತಾನೇ ಹಾಕಿಕೊಂಡ ಗಂಟು. ಈ ನಾಲ್ಕೂ ಹಾನಿಯ ಗುರುತು. ಬಣ್ಣ ಹಚ್ಚದಿದ್ದರೂ ತುದಿ ಮಾತ್ರ ಕೆಂಚಗಾಗಿದ್ದರೆ ಅದು ಬಿಸಿಲು ಮಾಡಿದ ಕೆಲಸ.

ಕನ್ನಡಿಯಲ್ಲಿ ಇನ್ನೊಂದು ಸಂಗತಿಯೂ ಕಾಣಬಹುದು. ಹಣೆಯ ಅಂಚಿನಲ್ಲಿ ನೆಟ್ಟಗೆ ನಿಲ್ಲುವ ಪುಟ್ಟ ಕೂದಲು ಕಂಡರೆ ಎಲ್ಲರೂ ಮುರಿದಿದೆ ಅಂತ ಅಳುತ್ತಾರೆ. ಅದರ ತುದಿ ನೋಡಿ. ಸೂಜಿಯ ಹಾಗೆ ಸಪೂರವಾಗಿದ್ದರೆ ಅದು ಹೊಸದಾಗಿ ಹುಟ್ಟಿದ್ದು, ಖುಷಿ ಪಡಿ. ಮೊಂಡಾಗಿದ್ದರೆ ಮಾತ್ರ ಮುರಿದದ್ದು.

ಪ್ರಶ್ನೆ: ನನ್ನ ಕೂದಲಿನಲ್ಲಿ ಅಲ್ಲಲ್ಲಿ ಬಿಳಿ ಚುಕ್ಕೆಗಳಿವೆ. ಅತ್ತೆ ಸೀರು ಅನ್ನುತ್ತಾರೆ, ಆಫೀಸಿನ ಗೆಳತಿ ಹೊಟ್ಟು ಅನ್ನುತ್ತಾಳೆ. ಎರಡಕ್ಕೂ ಶಾಂಪೂ ಹಾಕಿದ್ದಾಯಿತು, ಹೋಗುತ್ತಿಲ್ಲ.
– ಓದುಗಿ, ಮಂಗಳೂರು

ಉತ್ತರ: ಅತ್ತೆಯ ಜೊತೆ ಜಗಳ ಬೇಡ, ಉಗುರಿನಲ್ಲೇ ತೀರ್ಮಾನ ಮಾಡಬಹುದು. ಹೊಟ್ಟಾದರೆ ತಲೆ ಕೊಡವಿದರೆ ಉದುರುತ್ತದೆ. ಸೀರು ಉದುರುವುದಿಲ್ಲ, ಕೂದಲಿನ ಒಂದೇ ಪಕ್ಕಕ್ಕೆ ಅಂಟಿಸಿದ ಎಳ್ಳಿನ ಹಾಗೆ ಓರೆಯಾಗಿ ಕೂತಿರುತ್ತದೆ, ಹೆಚ್ಚಾಗಿ ಕಿವಿಯ ಹಿಂದೆ, ಕತ್ತಿನ ಹಿಂದೆ, ಬುಡದ ಹತ್ತಿರ. ಎರಡು ಉಗುರಿನ ಮಧ್ಯೆ ಹಿಡಿದು ಎಳೆಯಬೇಕು. ಬಳೆಯ ಹಾಗೆ ಕೂದಲನ್ನು ಸುತ್ತಿಕೊಂಡು ಮೇಲೆ ಕೆಳಗೆ ಸುಲಭವಾಗಿ ಜಾರುವುದಾದರೆ ಅದು ನೆತ್ತಿಯ ಚರ್ಮದ ಪೊರೆ. ತೊಂದರೆ ಏನಿಲ್ಲ.

ಈ ಮೂರೂ ಅಲ್ಲದೆ ಚುಕ್ಕೆ ಕೂದಲಿನ ಕೆಳಗಿನ ಅರ್ಧದಲ್ಲಿದೆ, ಜಾರುವುದಿಲ್ಲ ಅಂದರೆ ಆ ಕೂದಲನ್ನು ಚುಕ್ಕೆಯ ಜಾಗದಲ್ಲಿ ಬಗ್ಗಿಸಿ ನೋಡಿ. ಬಳ್ಳಿಯಾದರೆ ಬಳುಕುತ್ತದೆ, ಒಣ ಕಡ್ಡಿಯಾದರೆ ಮುರಿಯುತ್ತದೆ. ಹಾನಿಯಾದ ಕೂದಲು ಕರಾರುವಾಕ್ಕಾಗಿ ಆ ಚುಕ್ಕೆಯಲ್ಲೇ ಮುರಿಯುತ್ತದೆ, ಮುರಿದ ಬಾಯಿ ಎರಡು ಪುಟ್ಟ ಪೊರಕೆಗಳನ್ನು ಎದುರುಬದುರು ಚುಚ್ಚಿಟ್ಟ ಹಾಗೆ ಕಾಣುತ್ತದೆ. ಮಕ್ಕಳ ಭೂತಗನ್ನಡಿ ಮನೆಯಲ್ಲಿದ್ದರೆ ತೆಗೆದು ನೋಡಿ, ಸ್ಪಷ್ಟವಾಗಿ ಗೊತ್ತಾಗುತ್ತದೆ. ನಿಮ್ಮದು ಇದೇ ಇರಬೇಕು ಅಂತ ನನ್ನ ಊಹೆ. ಇದಕ್ಕೆ ಶಾಂಪೂ ಮದ್ದಲ್ಲ. ತಿಕ್ಕುವುದು, ಬಿಸಿ ಮಾಡುವುದು, ಬಲವಂತವಾಗಿ ಬಾಚುವುದು ನಿಲ್ಲಬೇಕು.

ಕರಾವಳಿಯವರಾದ್ದರಿಂದ ಇನ್ನೊಂದು ಮಾತು. ಬೆಳಗ್ಗೆ ತಲೆಗೆ ಎರೆದುಕೊಂಡು ಒದ್ದೆ ಕೂದಲನ್ನೇ ತುರುಬು ಕಟ್ಟಿ ಬಸ್ ಹತ್ತುವ ಅಭ್ಯಾಸ ಇದೆಯಾ? ಮಳೆಗಾಲದಲ್ಲಿ ಸಂಜೆ ಬಿಚ್ಚಿದಾಗಲೂ ಒಳಗೆ ಒದ್ದೆ ಇರುತ್ತದಲ್ಲ, ಆ ಸೆಖೆಯಲ್ಲಿ ಕೂದಲಿನ ಮೇಲೆ ಶಿಲೀಂಧ್ರ ಬೆಳೆದು ಮೆತ್ತಗಿನ ಕೆನೆಬಣ್ಣದ ಹರಳು ಕಟ್ಟುವುದುಂಟು. ಬೆರಳಲ್ಲಿ ಎಳೆದರೆ ರವೆ ಸಿಕ್ಕಿದ ಹಾಗೆ ಆಗುತ್ತದೆ. ಹಾಗಿದ್ದರೆ ನನ್ನನ್ನಲ್ಲ, ಚರ್ಮದ ಡಾಕ್ಟರನ್ನು ಕೇಳಿ.

ಪ್ರಶ್ನೆ: ಶಿವಮೊಗ್ಗದಿಂದ ಬೆಂಗಳೂರಿಗೆ ಬಂದು ಎಂಟು ತಿಂಗಳಾಯಿತು. ಪಿಜಿಯಲ್ಲಿ ಬೋರ್‌ವೆಲ್ ನೀರು. ಕೂದಲು ತೆಂಗಿನ ನಾರಿನ ಹಾಗಾಗಿದೆ, ಕಂತೆ ಕಂತೆ ಉದುರುತ್ತಿದೆ. ನಲ್ಲಿಗೆ ಫಿಲ್ಟರ್ ಹಾಕಿಸಲಾ?
– ಓದುಗಿ, ಬೆಂಗಳೂರು

ಉತ್ತರ: ನಾರಿನ ಹಾಗಾಗಿರುವುದು ಒಂದು ಸಮಸ್ಯೆ, ಕಂತೆ ಕಂತೆ ಉದುರುವುದು ಇನ್ನೊಂದು. ಬೆಂಗಳೂರಿಗೆ ಬಂದವರೆಲ್ಲ ಎರಡನ್ನೂ ಸೇರಿಸಿ ನೀರಿನ ತಲೆಗೆ ಕಟ್ಟುತ್ತಾರೆ.

ನಾರಿನ ವಿಷಯದಲ್ಲಿ ನೀರಿನ ತಪ್ಪು ಇರಬಹುದು. ಬಕೆಟ್ಟಿನ ಒಳಗೆ, ನಲ್ಲಿಯ ಬಾಯಿಗೆ ಬಿಳಿ ಕಟ್ಟು ಕಟ್ಟಿದೆಯಾ ನೋಡಿ. ಅದು ನೀರಿನಲ್ಲಿರುವ ಸುಣ್ಣ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ. ಬೋರ್‌ವೆಲ್ ನೀರು ಅದನ್ನೂ ದಾಟುವುದುಂಟು. ಈ ನೀರಿನಲ್ಲಿ ತಲೆಗೆ ಸೋಪು ಹಚ್ಚಿದರೆ ಸೋಪು ಮತ್ತು ಸುಣ್ಣ ಸೇರಿ ಅಂಟು ಜಿಡ್ಡಾಗಿ ಕೂದಲಿಗೆ ಮೆತ್ತಿಕೊಳ್ಳುತ್ತದೆ. ಹಾಗಾಗಿ ಸೋಪು ಬೇಡವೇ ಬೇಡ. ಶಾಂಪೂ ಹಾಕಿ, ಆಮೇಲೆ ಕಿವಿಯಿಂದ ಕೆಳಗೆ ಮಾತ್ರ ಕಂಡೀಷನರ್ ಹಚ್ಚಿ. ಕೊನೆಯ ಎರಡು ಚೊಂಬು ಕುಡಿಯುವ ಕ್ಯಾನಿನ ನೀರು ಸುರಿದುಕೊಳ್ಳಿ. ಪಿಜಿಯವರು ನೋಡಿದರೆ ಬೈಯುತ್ತಾರೆ, ಬಾಗಿಲು ಹಾಕಿಕೊಳ್ಳಿ. ಶವರಿಗೆ ಸಿಕ್ಕಿಸುವ ಚಿಕ್ಕ ಫಿಲ್ಟರ್‌ಗಳ ಮೇಲೆ ನನಗೆ ನಂಬಿಕೆ ಇಲ್ಲ. ನಿಜವಾಗಿ ಸುಣ್ಣ ತೆಗೆಯಬೇಕೆಂದರೆ ಉಪ್ಪು ಹಾಕುವ ದೊಡ್ಡ ಸಾಫ್ಟ್‌ನರ್ ಬೇಕು, ಅದನ್ನು ಬಾಡಿಗೆ ಕೋಣೆಯಲ್ಲಿ ಯಾರು ಹಾಕಿಸುತ್ತಾರೆ? ಕಾವೇರಿ ನೀರು ಬರುವ ಏರಿಯಾಕ್ಕೆ ಹೋಗಿ ಅಂತ ಹೇಳಲು ನನ್ನ ಗಂಟೇನೂ ಹೋಗುವುದಿಲ್ಲ. ಅಡ್ವಾನ್ಸ್ ಕಟ್ಟುವವರು ನೀವು.

ಉದುರುವುದಕ್ಕೆ ಬರೋಣ. ಗಡಸು ನೀರು ಕೂದಲನ್ನು ಒರಟು ಮಾಡಬಹುದು, ಬುಡದಿಂದ ಕಿತ್ತು ಹಾಕುವುದಿಲ್ಲ. ಮೇಲೆ ಹೇಳಿದ ಬಿಳಿ ಪಂಚೆಯ ಪರೀಕ್ಷೆ ಮಾಡಿ. ಎಲ್ಲದಕ್ಕೂ ಬಿಳಿ ಗುಂಡು ಇದ್ದರೆ ಮೂರು ತಿಂಗಳು ಹಿಂದಕ್ಕೆ ಹೋಗಿ ನೆನಪು ಮಾಡಿಕೊಳ್ಳಿ. ಡೆಂಗಿ, ಟೈಫಾಯಿಡ್ ಏನಾದರೂ ಬಂದಿತ್ತಾ? ಹೊಸ ಊರು, ಊಟ ಸೇರದೆ ಏಕ್‌ದಂ ಸಣ್ಣ ಆದಿರಾ? ಜೋರು ಜ್ವರ, ಹೆರಿಗೆ, ಆಪರೇಷನ್, ತೀರಾ ಉಪವಾಸ, ಇವು ಆದ ಎರಡು ಮೂರು ತಿಂಗಳಿಗೆ ಕೂದಲು ಒಟ್ಟಿಗೆ ಉದುರುತ್ತದೆ. ಅಷ್ಟರಲ್ಲಿ ಜ್ವರ ಮರೆತೇ ಹೋಗಿರುತ್ತದೆ, ನೀರಿನ ಮೇಲೆ ಗುಮಾನಿ ಬರುತ್ತದೆ. ಹೀಗೆ ಉದುರಿದ್ದು ಸಾಮಾನ್ಯವಾಗಿ ಆರು ತಿಂಗಳೊಳಗೆ ತಹಬಂದಿಗೆ ಬರುತ್ತದೆ. ಬರದಿದ್ದರೆ ರಕ್ತ ಪರೀಕ್ಷೆ ಮಾಡಿಸಿ: ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ), ಥೈರಾಯ್ಡ್. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇತ್ತು. ಪಿಜಿಯ ಸಾರು ಅನ್ನದಲ್ಲಿ ಕಬ್ಬಿಣ ಎಷ್ಟಿರುತ್ತದೆ ಅಂತ ನಿಮಗೇ ಗೊತ್ತು.

ಪ್ರಶ್ನೆ: ಅಣ್ಣನ ಮದುವೆಗೆ ಸ್ಮೂತ್‌ನಿಂಗ್ ಮಾಡಿಸಿದೆ. ಈಗ ಒಂಬತ್ತು ತಿಂಗಳಾಯಿತು. ಮೇಲೆ ನನ್ನ ಗುಂಗುರು, ಕೆಳಗೆ ನೆಟ್ಟಗೆ ಪೊರಕೆ. ಎರಡೂ ಸೇರುವ ಜಾಗದಲ್ಲಿ ಪಟಪಟ ಮುರಿಯುತ್ತಿದೆ. ಸೊಂಟದವರೆಗೆ ಬೆಳೆಸುವ ಆಸೆ, ಕತ್ತರಿಸದೆ ಸರಿ ಮಾಡಲು ಆಗುತ್ತದಾ?
– ಓದುಗಿ, ಮೈಸೂರು

ಉತ್ತರ: ಈ ಪತ್ರ ಓದಿ ನಕ್ಕೆ, ಅಳುವೂ ಬಂತು. 2011ರಲ್ಲಿ ನನ್ನ ತಂಗಿಯ ಮದುವೆಗೆ ನಾನೂ ಇದನ್ನೇ ಮಾಡಿಸಿಕೊಂಡಿದ್ದೆ, ಅದೂ ಸ್ವಂತ ಪಾರ್ಲರ್ ಇಟ್ಟುಕೊಂಡವಳು, ಬೇರೆ ಊರಿನ ದೊಡ್ಡ ಸಲೂನಿಗೆ ಹೋಗಿ. ನನ್ನ ಕೂದಲಿಗೆ ಆಗಲೇ ಎರಡು ವರ್ಷದಿಂದ ಬಣ್ಣ ಹಾಕುತ್ತಿದ್ದೆ. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಧಾರೆಯ ದಿನ ಕೂದಲು ಕನ್ನಡಿಯ ಹಾಗೆ ಹೊಳೆಯಿತು. ಅಷ್ಟಮಿಗೆ ಚಕ್ಕುಲಿ ಒತ್ತುವಾಗ ಹಿಟ್ಟಿನಲ್ಲಿ ಒಂದಿಂಚಿನ ತುಂಡುಗಳು ಸಿಗಲು ಶುರುವಾದವು.

ಆಗುವುದೇನೆಂದರೆ, ಕೂದಲಿನ ಒಳಗೆ ಅದರ ಆಕಾರ ಹಿಡಿದಿಡುವ ಗಂಧಕದ ಕೊಂಡಿಗಳಿವೆ. ಕೂದಲು ಸುಟ್ಟಾಗ ಬರುವ ಆ ಕೆಟ್ಟ ವಾಸನೆ ಹೆಚ್ಚಾಗಿ ಇದೇ ಗಂಧಕದ್ದು. ನೆಟ್ಟಗೆ ಮಾಡುವ ಕ್ರೀಮು ಆ ಕೊಂಡಿ ಬಿಚ್ಚುತ್ತದೆ, ಇಸ್ತ್ರಿ ಮಾಡಿ ಇನ್ನೊಂದು ಕ್ರೀಮಿನಿಂದ ಮತ್ತೆ ಹಾಕುತ್ತಾರೆ. ಬಿಚ್ಚಿದ್ದೆಲ್ಲ ವಾಪಸ್ ಸೇರುವುದಿಲ್ಲ. ಗಟ್ಟಿ ಕೂದಲು ಮತ್ತು ಸೋತ ಕೂದಲು ಸೇರುವ ಗಡಿಯಲ್ಲಿ ಎಳೆತ ಬಿದ್ದು ಮುರಿಯುತ್ತದೆ.

ಎಷ್ಟು ಹಾಳಾಗಿದೆ ಅಂತ ತಿಳಿಯಲು ತಲೆ ತೊಳೆದ ಮೇಲೆ ಒಂದು ಒದ್ದೆ ಕೂದಲನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ಒಳ್ಳೆಯ ಕೂದಲು ಒದ್ದೆ ಇದ್ದಾಗ ತನ್ನ ಉದ್ದದ ಮೂರನೇ ಒಂದರಷ್ಟು ಹಿಗ್ಗಿ ಮತ್ತೆ ಮೊದಲಿನ ಹಾಗೆ ಆಗುತ್ತದೆ. ಚ್ಯೂಯಿಂಗ್ ಗಮ್ಮಿನ ಹಾಗೆ ಎಳೆದಷ್ಟೂ ಬಂದು ಅಲ್ಲೇ ಜೋತುಬಿದ್ದರೆ ಒಳಗಿನ ನಾರೇ ಸತ್ತಿದೆ. ಹಿಗ್ಗದೆ ತಟ್ಟನೆ ತುಂಡಾದರೂ ಒಳ್ಳೆಯ ಲಕ್ಷಣವಲ್ಲ. ಬುಡದ ಗುಂಗುರು ಭಾಗದಲ್ಲಿ ಒಮ್ಮೆ, ನೆಟ್ಟಗಿರುವ ಭಾಗದಲ್ಲಿ ಒಮ್ಮೆ ಮಾಡಿ ನೋಡಿ, ವ್ಯತ್ಯಾಸ ಕೈಗೇ ಸಿಗುತ್ತದೆ.

ಕತ್ತರಿಸದೆ ಸರಿ ಮಾಡಲು ಆಗುವುದಿಲ್ಲ. ಸೀರಮ್ಮು, ಮಾಸ್ಕು ಎಲ್ಲ ಮೇಲೊಂದು ಜಾರುವ ಪದರ ಹೊದಿಸುತ್ತವೆ, ಸಿಕ್ಕು ಕಮ್ಮಿಯಾಗುತ್ತದೆ, ಅದೂ ಲಾಭವೇ. ಆದರೆ ಮುರುಕು ಗೋಡೆಗೆ ಸುಣ್ಣ ಬಳಿದ ಹಾಗೆ. ಒಟ್ಟಿಗೆ ಬೋಳಿಸಿಕೊಳ್ಳಿ ಅಂತಲೂ ಹೇಳುವುದಿಲ್ಲ. ಎರಡು ತಿಂಗಳಿಗೊಮ್ಮೆ ಒಂದಿಂಚು ತೆಗೆಯಿರಿ. ಅಷ್ಟರಲ್ಲಿ ಬುಡದಲ್ಲೂ ಹೆಚ್ಚುಕಡಿಮೆ ಒಂದಿಂಚು ಬಂದಿರುತ್ತದೆ, ಉದ್ದ ಹಾಗೇ ಉಳಿಯುತ್ತದೆ, ನೆಟ್ಟಗಿನ ಭಾಗ ಕರಗುತ್ತಾ ಹೋಗುತ್ತದೆ. ನನಗೆ ಮೂರು ವರ್ಷ ಹಿಡಿಯಿತು. ಈ ಮಧ್ಯೆ ಎರಡೂ ಭಾಗ ಒಂದೇ ಥರ ಕಾಣಲಿ ಅಂತ ಬುಡಕ್ಕೆ ಇಸ್ತ್ರಿ ಎಳೆಯಬೇಡಿ. ಎಳೆದರೂ ಒದ್ದೆ ಕೂದಲಿಗಂತೂ ಬೇಡ. ನೀರು ಕುದಿಯುವುದು 100 ಡಿಗ್ರಿಗೆ, ಇಸ್ತ್ರಿಯ ಮೇಲೆ 200 ಅಂತ ಉರಿಯುತ್ತಿರುತ್ತದೆ. ಕೂದಲಿನ ಒಳಗಿನ ನೀರು ಆವಿಯಾಗಿ ಗುಳ್ಳೆ ಕಟ್ಟುತ್ತದೆ. ಚುಂಯ್ ಅಂತ ಸದ್ದು ಬರುತ್ತದಲ್ಲ, ಅದು ಒಣಗುವ ಸದ್ದಲ್ಲ.

ಸ್ಮೂತ್‌ನಿಂಗ್ ಬಿಟ್ಟು ‘ಕೆರಾಟಿನ್’ ಮಾಡಿಸಿ, ಅದು ಪೋಷಣೆ ಅಂತ ಯಾರಾದರೂ ಹೇಳಿದರೆ, ಇಸ್ತ್ರಿ ಎಳೆಯುವಾಗ ಹೊಗೆ ಎದ್ದು ಕಣ್ಣು ಮೂಗು ಉರಿಯುತ್ತದಾ ಅಂತ ಕೇಳಿ. ಉರಿಯುವುದಾದರೆ ಅದರಲ್ಲಿ ಫಾರ್ಮಾಲ್ಡಿಹೈಡ್ ಇರುವ ಸಾಧ್ಯತೆ ಜಾಸ್ತಿ. ಅದು ಕ್ಯಾನ್ಸರ್ ತರುವ ವಸ್ತು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ತೀರ್ಮಾನಿಸಿದೆ. ನಿಮಗಿಂತ ದಿನಾ ಅದನ್ನು ಹಚ್ಚುವ ಹುಡುಗಿಯರ ಬಗ್ಗೆಯೇ ನನಗೆ ಚಿಂತೆ.

ಪ್ರಶ್ನೆ: ನನಗೀಗ 71. ನಮ್ಮ ಕಾಲದಲ್ಲಿ ದಾಸವಾಳದ ಗೊಂಪು, ಸೀಗೆಪುಡಿ ಬಿಟ್ಟರೆ ಬೇರೇನೂ ಇರಲಿಲ್ಲ. ಮೊಣಕಾಲು ಮುಟ್ಟುವ ಜಡೆ ಇತ್ತು. ಈಗಿನವರಿಗೆ ಏನಾಗಿದೆ?
– ಓದುಗರು, ಶಿರಸಿ

ಉತ್ತರ: ಅಮ್ಮಾ, ಗೊಂಪಿನ ವಿಷಯದಲ್ಲಿ ನಿಮ್ಮ ಮಾತಿಗೆ ನನ್ನದು ಎರಡು ಓಟು. ಆ ಲೋಳೆಯೇ ಅದರ ಗುಟ್ಟು. ಕೂದಲು ಕೂದಲಿಗೆ ಉಜ್ಜದೆ ಜಾರುತ್ತದೆ, ಸಿಕ್ಕು ಬಿಡಿಸುವಾಗ ಮುರಿಯುವುದಿಲ್ಲ. ಈಗಿನ ಕಂಡೀಷನರ್ ಮಾಡುವ ಮುಖ್ಯ ಕೆಲಸವೂ ಅದೇ. ಕೊಬ್ಬರಿ ಎಣ್ಣೆಯ ಬಗ್ಗೆ ಮುಂಬೈಯ ಒಂದು ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಸೂರ್ಯಕಾಂತಿ ಎಣ್ಣೆ, ಮಿನರಲ್ ಎಣ್ಣೆಗಳ ಜೊತೆ ಹೋಲಿಸಿದರೆ ತೊಳೆಯುವ ಮೊದಲು ಹಚ್ಚಿದ ಕೊಬ್ಬರಿ ಎಣ್ಣೆ ಮಾತ್ರ ಕೂದಲಿನ ಪ್ರೋಟೀನು ಸೋರಿಹೋಗದಂತೆ ತಡೆಯಿತು. ಮಾಡಿದವರು ಕೊಬ್ಬರಿ ಎಣ್ಣೆ ಮಾರುವ ಕಂಪನಿಯ ವಿಜ್ಞಾನಿಗಳೇ, ಅದನ್ನೂ ಹೇಳಿಬಿಡುತ್ತೇನೆ. ಆದರೂ ನನ್ನ ಕೈಯ ಅನುಭವ ಅದಕ್ಕೆ ಹೊಂದುತ್ತದೆ.

ಆದರೆ ನಿಮ್ಮ ಕಾಲದ ಎಲ್ಲವೂ ಸರಿ ಇತ್ತು ಅಂತ ಒಪ್ಪಲಾರೆ. ನಮ್ಮಜ್ಜಿ ಅಭ್ಯಂಜನ ಆದ ಮೇಲೆ ಒದ್ದೆ ಕೂದಲನ್ನು ಮುಂದಕ್ಕೆ ಹಾಕಿಕೊಂಡು ಟವೆಲ್ಲಿನಿಂದ ಪಟಾರ್ ಪಟಾರ್ ಅಂತ ಬಡಿಯುತ್ತಿದ್ದರು. ಕೂದಲು ತೀರಾ ದುರ್ಬಲವಾಗಿರುವುದು ಒದ್ದೆ ಇದ್ದಾಗ, ಆಗಲೇ ಹೊಡೆತ! ನಮ್ಮಜ್ಜಿಯ ಜಡೆ ತಡೆದುಕೊಂಡಿತು, ಯಾಕೆಂದರೆ ಅದು ಬಣ್ಣ ಕಂಡಿರಲಿಲ್ಲ, ಇಸ್ತ್ರಿ ಕಂಡಿರಲಿಲ್ಲ, ಬಿಚ್ಚಿದ ಕೂದಲಿನಲ್ಲಿ ಸ್ಕೂಟರ್ ಹತ್ತಿರಲಿಲ್ಲ. ವರ್ಷವಿಡೀ ಹೆಣೆದ ಜಡೆಯಲ್ಲೇ ಇತ್ತು. ಈಗಿನ ಹುಡುಗಿಯರಿಗೆ ನೀವು ಹೇಳಿಕೊಡಬಹುದಾದ ದೊಡ್ಡ ಪಾಠ ಗೊಂಪಿಗಿಂತ ಆ ಜಡೆಯೇ ಅನ್ನಿಸುತ್ತದೆ. ಇನ್ನು ಹರಳೆಣ್ಣೆ ಮಾತ್ರ ಉದ್ದ ಕೂದಲಿಗೆ ದಪ್ಪಗೆ ಸುರಿಯಬೇಡಿ. ಅದರ ಅಂಟಿಗೆ ಕೂದಲೆಲ್ಲ ಹಕ್ಕಿಗೂಡಿನ ಹಾಗೆ ಕಟ್ಟಿಕೊಂಡು ಬಿಡಿಸಲಾಗದೆ ಕತ್ತರಿಸಿದ ಪ್ರಸಂಗ ವೈದ್ಯರ ಪತ್ರಿಕೆಯಲ್ಲೇ ಬಂದಿದೆ.

ಪ್ರಶ್ನೆ: ಮಗಳಿಗೆ 15 ವರ್ಷ. ಜಡೆ ಮೇಲೆ ದಪ್ಪ, ಕೆಳಗೆ ಇಲಿಬಾಲ. ಕತ್ತರಿಸಿದರೆ ದಪ್ಪ ಬೆಳೆಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ನಿಜವಾ?
– ಓದುಗಿ, ತುಮಕೂರು

ಉತ್ತರ: ಕತ್ತರಿಸಿದರೆ ದಪ್ಪವೂ ಬೆಳೆಯುವುದಿಲ್ಲ, ಬೇಗವೂ ಬೆಳೆಯುವುದಿಲ್ಲ. ತುದಿಯಲ್ಲಿ ಕತ್ತರಿ ಆಡಿದ್ದು ಬುಡಕ್ಕೆ ಗೊತ್ತಾಗುವುದಿಲ್ಲ. ಕೆಳಗೆ ಸಮ ಕಾಣುವುದರಿಂದ ದಪ್ಪ ಅನ್ನಿಸುತ್ತದೆ.

ಇಲಿಬಾಲ ಇದ್ದ ಮಾತ್ರಕ್ಕೆ ಹಾಳಾಗಿದೆ ಅಂತಲೂ ಅಲ್ಲ. ಒಂದೊಂದು ಕೂದಲಿಗೂ ಒಂದು ಆಯಸ್ಸು ಇದೆ, 2ರಿಂದ 6 ವರ್ಷ ಬೆಳೆದು ಉದುರಿ ಹೋಗುತ್ತದೆ. ಮೂರು ವರ್ಷದ ಆಯಸ್ಸಿನ ಕೂದಲು 45 ಸೆಂ.ಮೀ. ದಾಟುವುದಿಲ್ಲ, ಆರು ವರ್ಷದ್ದು 90ರ ಹತ್ತಿರ ಹೋಗುತ್ತದೆ. ಹಾಗಾಗಿ ಕೆಳಗೆ ಹೋದಷ್ಟೂ ಉಳಿದವರು ಕಮ್ಮಿ, ಜಡೆ ಸಪೂರ. ಮಗಳ ಜಡೆಯ ಕೊನೆ ಮೆತ್ತಗೆ, ಸೀಳಿಲ್ಲದೆ ಇದ್ದರೆ ಸುಮ್ನೆ ಬಿಡಿ. ಒರಟಾಗಿ, ಕವಲೊಡೆದು, ಜಡೆಯ ಉದ್ದಕ್ಕೂ ಪಕ್ಕದಲ್ಲಿ ಮುಳ್ಳಿನ ಹಾಗೆ ತುಂಡು ಕೂದಲು ಎದ್ದಿದ್ದರೆ ಮುರಿಯುತ್ತಿದೆ. ಆಗ ಸೀಳಿದ ಜಾಗಕ್ಕಿಂತ ಒಂದು ಸೆಂ.ಮೀ. ಮೇಲೆ ಕತ್ತರಿಸಿ, ಇಲ್ಲದಿದ್ದರೆ ಸೀಳು ಮೇಲಕ್ಕೆ ಏರುತ್ತದೆ. ಮಂಗಳವಾರ ಶುಕ್ರವಾರ ಬೇಡ ಅಂತಾದರೆ ಬುಧವಾರ ಕತ್ತರಿಸಿ, ಕೂದಲಿಗೆ ವಾರದ ಪರಿವೆ ಇಲ್ಲ. ಶಾಲೆಗೆ ಎರಡು ಜಡೆ ಮಡಚಿ ರಿಬ್ಬನ್ ಕಟ್ಟುತ್ತೀರಲ್ಲ, ಆ ಮಡಚುವ ಜಾಗವನ್ನು ಮೊದಲು ನೋಡಿ. ದಿನಾ ಒಂದೇ ಕಡೆ ಗಂಟು ಬಿದ್ದರೆ ಅಲ್ಲೇ ಮುರಿಯುತ್ತದೆ.

ಪ್ರಶ್ನೆ: ಗಂಡಸರು ಪತ್ರ ಬರೆಯಬಹುದಾ? ಒಂದೂವರೆ ವರ್ಷದಿಂದ ಕೂದಲು ಬಿಟ್ಟಿದ್ದೇನೆ, ಎತ್ತಿ ಗಂಟು ಕಟ್ಟುತ್ತೇನೆ, ದಿನಾ ಬೈಕು, ಹೆಲ್ಮೆಟ್ಟು. ಹಣೆಯ ಎರಡೂ ಪಕ್ಕ ತೆಳ್ಳಗಾಗಿದೆ.
– ಓದುಗ, ಹುಬ್ಬಳ್ಳಿ

ಉತ್ತರ: ಧಾರಾಳವಾಗಿ ಬರೆಯಬಹುದು ತಮ್ಮಾ. ಗಂಟು ಬಿಚ್ಚಿದಾಗ ನೆತ್ತಿ ‘ಹಾ’ ಅಂತ ಹಗುರಾಗುತ್ತದೆಯಾ? ಮುಟ್ಟಿದರೆ ನೋಯುತ್ತದೆಯಾ? ಹಾಗಾದರೆ ಗಂಟು ಬಿಗಿ ಜಾಸ್ತಿ. ದಿನಾ ಎಳೆದರೆ ಮೊದಲು ಹಣೆಯ ಅಂಚು ತೆಳ್ಳಗಾಗುತ್ತದೆ, ಬೇಗ ಬಿಟ್ಟರೆ ವಾಪಸ್ ಬರುತ್ತದೆ, ವರ್ಷಗಟ್ಟಲೆ ಎಳೆದರೆ ಬುಡವೇ ಸತ್ತು ಬರುವುದೇ ಇಲ್ಲ. ಹೆಲ್ಮೆಟ್ ಬಿಡಬೇಡಿ, ಗಂಟು ಬಿಡಿ. ಕತ್ತಿನ ಹತ್ತಿರ ಸಡಿಲವಾಗಿ ಕಟ್ಟಿ ಅಂಗಿಯ ಒಳಗೆ ಹಾಕಿಕೊಳ್ಳಿ, ಹೆಲ್ಮೆಟ್ಟಿನ ಒಳಗೆ ತೆಳು ಹತ್ತಿ ಬಟ್ಟೆ ಕಟ್ಟಿ. ರಬ್ಬರ್ ಬ್ಯಾಂಡು ಹಣದ ಕಟ್ಟಿಗೆ ಹಾಕುವುದು, ಕೂದಲಿಗಲ್ಲ. ಗಂಡಸರಿಗೆ ಅಪ್ಪ ಅಜ್ಜನಿಂದ ಬರುವ ಬೋಳೂ ಹಣೆಯ ಪಕ್ಕದಲ್ಲೇ ಶುರುವಾಗುತ್ತದೆ. ಗಂಟು ಸಡಿಲ ಮಾಡಿ ಮೂರು ನಾಲ್ಕು ತಿಂಗಳಾದರೂ ಹೀಗೇ ಇದ್ದರೆ ಡಾಕ್ಟರಿಗೆ ತೋರಿಸಿ, ತಡ ಮಾಡಬೇಡಿ.

ಪ್ರಶ್ನೆ: ಕೂದಲನ್ನು ಲೋಟದ ನೀರಿಗೆ ಹಾಕಿದರೆ ಮುಳುಗಿದ್ದು ಹಾಳು, ತೇಲಿದ್ದು ಒಳ್ಳೆಯದು ಅಂತ ರೀಲ್ಸ್‌ನಲ್ಲಿ ನೋಡಿದೆ. ನನ್ನದು ಮುಳುಗಿತು!
– ಓದುಗಿ, ಕಲಬುರಗಿ

ಉತ್ತರ: ಎಣ್ಣೆ ಹಚ್ಚಿ ಹಾಕಿ, ಹಾಳಾದ ಕೂದಲೂ ತೇಲುತ್ತದೆ. ಬೆರಳಲ್ಲಿ ಒತ್ತಿ ಬಿಡಿ, ಒಳ್ಳೆಯ ಕೂದಲೂ ಮುಳುಗುತ್ತದೆ. ಆ ನೀರು ಚೆಲ್ಲಿ ಬೇರೆ ಆಟ ಆಡಿ. ಉದುರಿದ ಒಂದು ಉದ್ದ ಕೂದಲನ್ನು ಹೆಬ್ಬೆರಳು ತೋರುಬೆರಳ ಮಧ್ಯೆ ಹಿಡಿದು ಬೆರಳುಗಳನ್ನು ಹಿಂದೆ ಮುಂದೆ ಉಜ್ಜಿ. ಕೂದಲು ತಾನಾಗಿ ಒಂದು ಕಡೆಗೆ ನಡೆಯುತ್ತಾ ಹೋಗುತ್ತದೆ. ಅದು ಹೋದ ದಿಕ್ಕು ಬುಡ. ಹೆಂಚುಗಳ ಬಾಯಿ ತುದಿಯ ಕಡೆಗಿರುವುದರಿಂದ ಹಾಗೆ. ತುದಿಯಿಂದ ಬುಡಕ್ಕೆ ಬೆರಳು ಎಳೆದರೆ ಎಲ್ಲರ ಕೂದಲೂ ಸ್ವಲ್ಪ ತರತರ ಅನ್ನುತ್ತದೆ, ಹೆದರಬೇಡಿ. ಬುಡದಿಂದ ತುದಿಗೆ ಎಳೆದಾಗಲೂ ಗರಗರ ಅಂದರೆ ಮಾತ್ರ ಹೆಂಚು ಕಿತ್ತಿದೆ.

ಪ್ರಶ್ನೆ: ಬಯೋಟಿನ್ ಮಾತ್ರೆ ತಿಂದರೆ ಸೀಳಿದ ತುದಿ ಕೂಡುತ್ತದಾ?
– ಓದುಗಿ, ಬಳ್ಳಾರಿ

ಉತ್ತರ: ಕೂಡುವುದಿಲ್ಲ. ತಿಂದ ಮಾತ್ರೆ ರಕ್ತದ ಜೊತೆ ಬುಡದವರೆಗೆ ಹೋಗಬಹುದು, ತುದಿಗೆ ರಕ್ತವೇ ಹೋಗುವುದಿಲ್ಲ. ಬಯೋಟಿನ್ ಅಂದರೆ ಒಂದು ಬಿ ವಿಟಮಿನ್, ಅದರ ಕೊರತೆ ಅಪರೂಪ ಬೇರೆ. ಈಗಾಗಲೇ ತಿನ್ನುತ್ತಿದ್ದರೆ ರಕ್ತ ಪರೀಕ್ಷೆಗೆ ಹೋದಾಗ ತಪ್ಪದೆ ಹೇಳಿ. ಜಾಸ್ತಿ ಬಯೋಟಿನ್ ಇದ್ದರೆ ಥೈರಾಯ್ಡ್, ಹೃದಯದ ಕೆಲವು ಪರೀಕ್ಷೆಗಳ ಫಲಿತಾಂಶ ತಪ್ಪಾಗಿ ಬರಬಹುದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲೇ ಎಚ್ಚರಿಸಿದೆ.

ಪ್ರಶ್ನೆ: ಸೀಳಿದ ತುದಿಯನ್ನು ಮನೆಯಲ್ಲೇ ಕತ್ತರಿಸಿಕೊಳ್ಳಬಹುದಾ? ಯಾವ ಕತ್ತರಿ?
– ಓದುಗಿ, ಹಾಸನ

ಉತ್ತರ: ಖಂಡಿತ. ತಿಂಗಳಿಗೊಮ್ಮೆ ಹಗಲು ಬೆಳಕಿನಲ್ಲಿ ಕೂತು, ಪೆನ್ಸಿಲ್ ದಪ್ಪದ ಎಳೆ ತೆಗೆದು ಹುರಿ ಮಾಡಿ. ಸೀಳಿದ ತುದಿಗಳು ಹುರಿಯಿಂದ ಹೊರಗೆ ಚಿಮ್ಮುತ್ತವೆ, ಅವನ್ನಷ್ಟೇ ತೆಗೆಯಿರಿ. ಅರ್ಧ ಗಂಟೆ ಸಾಕು, ಕಣ್ಣು ನೋಯುವವರೆಗೆ ಕೂರಬೇಡಿ. ಕೂದಲಿಗೆಂದೇ ಮಾರುವ ಹರಿತ ಕತ್ತರಿಯನ್ನೇ ಕೊಳ್ಳಿ. ಮೊಂಡು ಕತ್ತರಿ ಕೂದಲನ್ನು ಜಜ್ಜುತ್ತದೆ, ಜಜ್ಜಿದ ಜಾಗದಲ್ಲೇ ಮತ್ತೆ ಸೀಳುತ್ತದೆ. ತಂದ ಮೇಲೆ ಬೀರುವಿನಲ್ಲಿ ಸೀರೆಗಳ ಕೆಳಗೆ ಬಚ್ಚಿಡಿ. ಅಡುಗೆಮನೆಯವರ ಕೈಗೆ ಸಿಕ್ಕರೆ ಮಾರನೇ ದಿನ ಅದು ಹಾಲಿನ ಪ್ಯಾಕೆಟ್ ಕತ್ತರಿಸುತ್ತಿರುತ್ತದೆ. ನಮ್ಮ ಮನೆಯಲ್ಲಿ ಈಗ ಮೂರನೆಯದು ನಡೆಯುತ್ತಿದೆ.